ಸೇತುವೆಯ ಹೊಟ್ಟೆಯೊಳಗೊಂದು ಹುರಿ

ಮಕ್ಕಳೇ, ಈ ವಾರದ ಪುಟ ಓದುವ ಮೊದಲು ಮನೆಯಲ್ಲಿ ಒಂದೇ ಅಳತೆಯ ಏಳೆಂಟು ಪುಸ್ತಕ ಹುಡುಕಿ ತನ್ನಿ. ನೋಟ್‌ಬುಕ್ ಬೇಡ, ಬಳುಕುತ್ತವೆ. ಗಟ್ಟಿ ರಟ್ಟಿನವು ಬೇಕು. ಅಜ್ಜನ ಕಪಾಟಿನಲ್ಲಿ ಸಿಕ್ಕೇ ಸಿಗುತ್ತವೆ, ಕೇಳಿ ತೆಗೆದುಕೊಳ್ಳಿ. ಕಪಾಟಿನಲ್ಲಿ ಜೋಡಿಸಿಟ್ಟ ಹಾಗೆಯೇ ಅವನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿ. ಈಗ ಎರಡು ತುದಿಗೂ ಒಂದೊಂದು ಅಂಗೈ ಕೊಟ್ಟು ಬಲವಾಗಿ ಒತ್ತಿ, ಹಾಗೇ ಮೇಲಕ್ಕೆ ಎತ್ತಿ.

ಎದ್ದವಲ್ಲ! ಅಂಟು ಹಾಕಿಲ್ಲ, ದಾರ ಕಟ್ಟಿಲ್ಲ, ಕೆಳಗಿನಿಂದ ಯಾರೂ ಹಿಡಿದಿಲ್ಲ. ಎಂಟು ಬಿಡಿ ಪುಸ್ತಕಗಳು ಸೇರಿ ಒಂದೇ ಹಲಗೆಯ ಹಾಗೆ ಗಾಳಿಯಲ್ಲಿ ನಿಂತಿವೆ. ನಡುವಿನ ಪುಸ್ತಕದ ಮೇಲೆ ಒಂದು ಪೆನ್ಸಿಲ್ ಬಾಕ್ಸ್ ಇಡಲು ತಂಗಿಗೆ ಹೇಳಿ. ಅದನ್ನೂ ಹೊರುತ್ತವೆ. ಇನ್ನು ಅಂಗೈಯನ್ನು ಒಂಚೂರು ಸಡಿಲ ಬಿಡಿ. ದಡಬಡ! ಕಾಲು ಜೋಪಾನ.

ಇನ್ನೊಮ್ಮೆ ಮಾಡಿ. ಈ ಸಲ ಪುಸ್ತಕಗಳ ಮೇಲಂಚಿನ ಹತ್ತಿರ ಒತ್ತಿ ಎತ್ತಿ. ಕೆಳಗೆ ಬಾಯಿ ಬಿಟ್ಟುಕೊಂಡು ಬೀಳುತ್ತವೆ. ನಡುವಿಗಿಂತ ಸ್ವಲ್ಪ ಕೆಳಗೆ ಒತ್ತಿ ನೋಡಿ, ಗಟ್ಟಿಯಾಗಿ ನಿಲ್ಲುತ್ತವೆ. ಅಂದರೆ ಒತ್ತಿದರೆ ಸಾಲದು, ಸರಿಯಾದ ಜಾಗದಲ್ಲಿ ಒತ್ತಬೇಕು. ಬೆಂಗಳೂರಿನಲ್ಲಿ ಮೆಟ್ರೊ ರೈಲು ಓಡುವ ಮೇಲ್ಸೇತುವೆ ನಿಂತಿರುವುದು ಈ ಒಂದು ಮಾತಿನ ಮೇಲೆ. ಎಂಜಿನಿಯರುಗಳು ಇದನ್ನು ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲೇ ಬಿಗಿದಿಟ್ಟ ಕಾಂಕ್ರೀಟ್.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಬೆಳಗಿನ ವಾಕಿಂಗಿಗೆ ನನ್ನ ಜೊತೆ ಬರುವ ಗೆಳೆಯರೊಬ್ಬರು ಸೇತುವೆ ಕಟ್ಟಿ ನಿವೃತ್ತರಾದ ಎಂಜಿನಿಯರ್. ಅವರು ವಿವರಿಸುತ್ತಾ ಹೋದಂತೆ, ಇದು ನನಗೆ ಗೊತ್ತಿರುವ ವಿದ್ಯೆಯೇ ಅಲ್ಲವೇ ಅನ್ನಿಸಿತು. ಇಲ್ಲೂ ಠೇವಣಿ ಇದೆ, ಕಡಿತ ಇದೆ, ಸಂಜೆ ಲೆಕ್ಕ ಟ್ಯಾಲಿ ಮಾಡುವುದಿದೆ.

ಚಾಕ್‌ಪೀಸಿನ ಸ್ವಭಾವ

ಒಂದು ಚಾಕ್‌ಪೀಸಿನ ಎರಡು ತುದಿ ಹಿಡಿದು ಬಗ್ಗಿಸಿ. ಟಕ್ ಅಂತ ಮುರಿಯುತ್ತದೆ. ಮುರಿದ ತುಂಡನ್ನೇ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ. ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಜಲ್ಲಿ, ಮರಳು, ಸಿಮೆಂಟು, ನೀರು ಸೇರಿಸಿ ಕಲಸಿದ ಕಾಂಕ್ರೀಟಿನ ಸ್ವಭಾವವೂ ಇದೇ. ಒತ್ತಿದರೆ ನೂರು ತಾಳುತ್ತದೆ ಎಂದಿಟ್ಟುಕೊಳ್ಳಿ, ಎಳೆದರೆ ತಾಳುವುದು ಸುಮಾರು ಹತ್ತು ಮಾತ್ರ.

ತೊಲೆಯ ಮೇಲೆ ಭಾರ ಇಟ್ಟರೆ ಒತ್ತಿದಂತೆ ತಾನೇ, ಎಳೆಯುವವರು ಯಾರು ಎಂದು ಕೇಳಬಹುದು. ಉದ್ದನೆಯ ಅಳಿಸುವ ರಬ್ಬರಿನ ಪಕ್ಕದಲ್ಲಿ ಪೆನ್ನಿನಿಂದ ಅಡಿಯಿಂದ ಮುಡಿಯವರೆಗೆ ಐದಾರು ಗೆರೆ ಎಳೆಯಿರಿ. ಈಗ ಅದನ್ನು ನಡುವೆ ತಗ್ಗಾಗುವ ಹಾಗೆ ಬಗ್ಗಿಸಿ. ಮೇಲೆ ಗೆರೆಗಳು ಹತ್ತಿರ ಬರುತ್ತವೆ, ಕೆಳಗೆ ದೂರ ಸರಿಯುತ್ತವೆ. ಭಾರ ಹೊತ್ತ ತೊಲೆಗೂ ಹೀಗೇ ಆಗುತ್ತದೆ. ಅದರ ಮೇಲ್ಭಾಗ ಒತ್ತಿಸಿಕೊಳ್ಳುತ್ತದೆ, ಕೆಳಭಾಗ ಎಳೆಸಿಕೊಳ್ಳುತ್ತದೆ. ಕಾಂಕ್ರೀಟ್ ತೊಲೆ ಮೊದಲು ಬಿರಿಯುವುದು ಕೆಳಗಿನಿಂದಲೇ.

ಇದಕ್ಕೊಂದು ಉಪಾಯ ಹೂಡಿದವರಲ್ಲಿ ಜೋಸೆಫ್ ಮೋನಿಯೆ ಎಂಬ ಫ್ರಾನ್ಸಿನ ತೋಟಗಾರನೂ ಒಬ್ಬ. ಗಿಡ ನೆಡುವ ಸಿಮೆಂಟಿನ ತೊಟ್ಟಿಗಳು ಒಡೆಯದಿರಲಿ ಎಂದು ಒಳಗೆ ಕಬ್ಬಿಣದ ಬಲೆ ಇಟ್ಟ. 1867ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಎಳೆತವನ್ನು ಕಬ್ಬಿಣ ತಾಳುತ್ತದೆ, ಒತ್ತುವಿಕೆಯನ್ನು ಕಾಂಕ್ರೀಟು ತಾಳುತ್ತದೆ. ನಮ್ಮ ಮನೆಗಳ ತಾರಸಿಗೆ ಮೇಸ್ತ್ರಿ ಕಂಬಿ ಕಟ್ಟುವುದು ಇದಕ್ಕಾಗಿಯೇ.

ಮನೆಗೆ ಇದು ಸಾಕು. ದೊಡ್ಡ ಸೇತುವೆಗೆ ಸಾಲದು. ಒಂದು ಕಂಬದಿಂದ ಇನ್ನೊಂದಕ್ಕೆ 30–40 ಮೀಟರ್ ದಾಟಬೇಕಾದರೆ ತೊಲೆ ಬಹಳ ದಪ್ಪವಾಗಬೇಕು. ದಪ್ಪವಾದಷ್ಟೂ ಅದರ ಭಾರವೂ ಹೆಚ್ಚುತ್ತದೆ. ಕಡೆಗೆ ತನ್ನ ಮೈಯನ್ನು ತಾನು ಹೊರುವುದರಲ್ಲೇ ತೊಲೆಯ ಶಕ್ತಿಯೆಲ್ಲ ಮುಗಿದುಹೋಗುತ್ತದೆ. ಬಸ್ಸು ಲಾರಿಗಳನ್ನು ಹೊರಲು ಏನು ಉಳಿಯಿತು? ಅಲ್ಲದೆ ಒಳಗಿನ ಕಂಬಿ ಸುಮ್ಮನೆ ಮಲಗಿರುತ್ತದೆ. ಕಾಂಕ್ರೀಟು ಹಿಗ್ಗಿ ಕೂದಲೆಳೆಯಷ್ಟು ಬಿರಿದ ಮೇಲೆಯೇ ಅದು ಪೂರ್ತಿಯಾಗಿ ಕೆಲಸಕ್ಕೆ ಇಳಿಯುವುದು.

ಕಂಬಿ ಹಾಗೆ ಕಾಯುತ್ತ ಕೂರುವ ಬದಲು, ಭಾರ ಬರುವ ಮೊದಲೇ ಕಾಂಕ್ರೀಟನ್ನು ಎರಡು ತುದಿಯಿಂದ ಒತ್ತಿಟ್ಟರೆ? ಭಾರ ಬಂದಾಗ ಕೆಳಭಾಗ ಹಿಗ್ಗಲು ಹೋಗುತ್ತದೆ. ಆದರೆ ಅಲ್ಲಿ ಆಗಲೇ ಒತ್ತಡ ಕೂಡಿಟ್ಟಿದೆ. ಎಳೆತವು ಆ ಉಳಿತಾಯವನ್ನು ಖರ್ಚು ಮಾಡುತ್ತದೆಯೇ ಹೊರತು ಕಾಂಕ್ರೀಟಿನ ಮೈಮೇಲೆ ಬರುವುದಿಲ್ಲ. ಖಾತೆಯಲ್ಲಿ ಹಣ ಇರುವವರೆಗೆ ಸಾಲದ ಮಾತೆಲ್ಲಿ?

ಹಳ್ಳಿಯಲ್ಲಿ ಬೆಳೆದ ಅಜ್ಜಂದಿರಿಗೆ ಇದು ಹೊಸದಲ್ಲ. ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದನ್ನು ನೀವು ನೋಡಿದ್ದೀರಿ. ಗಾಲಿಗಿಂತ ತುಸು ಚಿಕ್ಕದಾದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಗಾಲಿಯ ಸುತ್ತ ಕೂರಿಸಿ, ಚೊರ್ ಎಂದು ನೀರು ಹೊಯ್ಯುತ್ತಿದ್ದರು. ಪಟ್ಟಿ ತಣಿದು ಕುಗ್ಗಿ ಮರದ ತುಂಡುಗಳನ್ನೆಲ್ಲ ಒಳಕ್ಕೆ ಬಿಗಿದುಬಿಡುತ್ತಿತ್ತು. ಮೂಟೆ ಹೇರುವ ಮೊದಲೇ ಗಾಲಿಯೊಳಗೆ ಬಿಗಿತ ಸಿದ್ಧವಾಗಿರುತ್ತಿತ್ತು. ಅದನ್ನು ಕಾಂಕ್ರೀಟಿಗೆ ತರುವುದು ಮಾತ್ರ ಬಹಳ ಕಷ್ಟದ ಕೆಲಸವಾಯಿತು.

ರಾತ್ರಿ ಸೈಕಲ್ ಏರಿದ ಎಂಜಿನಿಯರ್

19ನೆಯ ಶತಮಾನದ ಕೊನೆಗೇ ಅಮೆರಿಕದಲ್ಲೂ ಜರ್ಮನಿಯಲ್ಲೂ ಕೆಲವರು ಇದಕ್ಕೆ ಕೈಹಾಕಿದ್ದರು. ಕಬ್ಬಿಣದ ಸರಳುಗಳನ್ನು ಎಳೆದು ಕಟ್ಟಿದರು. ಆದರೆ ಕಾಲ ಕಳೆದಂತೆ ಬಿಗಿತ ತಾನಾಗಿಯೇ ಮಾಯವಾಗುತ್ತಿತ್ತು. ಏಕೆಂದು ಯಾರಿಗೂ ತಿಳಿಯಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು ಯೂಜೆನ್ ಫ್ರೆಸಿನೆ ಎಂಬ ಫ್ರೆಂಚ್ ಎಂಜಿನಿಯರಿಗೆ. ಇವರು 1879ರಲ್ಲಿ ಫ್ರಾನ್ಸಿನ ಕೊರೆಜ್ ಎಂಬ ಗುಡ್ಡಗಾಡು ಸೀಮೆಯಲ್ಲಿ ಹುಟ್ಟಿದರು. ಓದು ಮುಗಿಸಿ ಸರ್ಕಾರಿ ಎಂಜಿನಿಯರಾಗಿ ಅಲಿಯೆ ನದಿಯ ಸೀಮೆಗೆ ಬಂದರು. ಅಲ್ಲಿ ಲೆ ವರ್ದ್ರ್ ಎಂಬ ಊರಿನಲ್ಲಿ ಆ ನದಿಗೆ ಕಾಂಕ್ರೀಟಿನ ಮೂರು ಕಮಾನುಗಳ ಸೇತುವೆ ಕಟ್ಟಿದರು. ಒಂದೊಂದು ಕಮಾನೂ 70 ಮೀಟರಿನ ಆಸುಪಾಸು ಅಗಲ. ಅಷ್ಟು ತೆಳುವಾದ, ಅಷ್ಟು ಚಪ್ಪಟೆಯಾದ ಕಮಾನುಗಳನ್ನು ಆಗ ಜನ ಕಂಡಿರಲಿಲ್ಲ.

ಸೇತುವೆ ಮುಗಿಯಿತು, ಗಾಡಿಗಳು ಓಡಾಡಿದವು. ಕೆಲವು ತಿಂಗಳ ಮೇಲೆ ಫ್ರೆಸಿನೆಯವರಿಗೆ ಗಾಬರಿಯಾಗುವಂಥ ದೃಶ್ಯ ಕಂಡಿತು. ಕಮಾನುಗಳ ನೆತ್ತಿ ನಿಧಾನವಾಗಿ ಕೆಳಗೆ ಇಳಿಯುತ್ತಿತ್ತು. ಹೊಸ ಭಾರವೇನೂ ಬಂದಿರಲಿಲ್ಲ. ಗಟ್ಟಿಯಾದ ಮೇಲೆ ಕಾಂಕ್ರೀಟು ಹೀಗೆ ಕಾಲಕ್ರಮದಲ್ಲಿ ಕುಗ್ಗುತ್ತದೆ ಎಂದು ಅಂದಿನ ಪಾಠ ಹೇಳುತ್ತಿರಲಿಲ್ಲ. ಇನ್ನಷ್ಟು ಇಳಿದರೆ ಕಮಾನು ಮಗುಚಿಕೊಂಡು ನದಿಗೆ ಬೀಳುವುದು ಖಂಡಿತ.

ಅದು 1911ರ ಸುಮಾರು. ಅವರು ಅಪ್ಪಣೆಗೆ ಕಾಯುತ್ತ ಕೂರಲಿಲ್ಲ. ರಾತ್ರಿ ಸೈಕಲ್ ಏರಿ ಸೇತುವೆಯ ಊರಿಗೆ ಹೋಗಿ ನಂಬಿಕೆಯ ನಾಲ್ವರನ್ನು ಎಬ್ಬಿಸಿದರು. ಸೇತುವೆ ಕಟ್ಟುವಾಗ ಕಮಾನಿನ ಎರಡು ಅರ್ಧಗಳ ನಡುವೆ ನೆತ್ತಿಯಲ್ಲಿ ಜಾಕ್ ಇಡಲು ಜಾಗ ಬಿಟ್ಟಿದ್ದರು. ಲಾರಿಯ ಚಕ್ರ ಬದಲಿಸುವಾಗ ಹಾಕುತ್ತಾರಲ್ಲ, ಆ ಜಾತಿಯ, ಆದರೆ ಬಹಳ ಬಲವಾದ ಜಾಕ್‌ಗಳು. ಆ ಐವರು ಮತ್ತೆ ಅಲ್ಲಿ ಜಾಕ್ ಕೂರಿಸಿ ಎರಡು ಅರ್ಧಗಳನ್ನು ದೂರ ತಳ್ಳಿದರು. ಕಮಾನು ಮೇಲೆದ್ದಿತು. ಮೂರನ್ನೂ ಎತ್ತಿ ಸಂದಿಗೆ ಕಾಂಕ್ರೀಟು ತುಂಬಿ ಭದ್ರಪಡಿಸಿದರು. ಆಮೇಲೆ ಸೇತುವೆ ಅಲುಗಲಿಲ್ಲ. ಎರಡನೆಯ ಮಹಾಯುದ್ಧ ಅದನ್ನು ಕೆಡವುವವರೆಗೂ ನಿಂತಿತ್ತು. ಅದೇ ನದಿಗೆ ಅವರು ಅದೇ ಮಾದರಿಯಲ್ಲಿ ಕಟ್ಟಿದ ಬುತಿರೋಂ ಸೇತುವೆ ಇಂದಿಗೂ ಇದೆ.

ಕಡಿತದ ಲೆಕ್ಕ

ಸೇತುವೆ ಉಳಿಯಿತೆಂದು ಫ್ರೆಸಿನೆ ಸುಮ್ಮನಾಗಲಿಲ್ಲ. ಕಾಂಕ್ರೀಟು ಎಷ್ಟು ಕುಗ್ಗುತ್ತದೆ, ಎಷ್ಟು ಕಾಲ ಕುಗ್ಗುತ್ತದೆ ಎಂದು ವರ್ಷಗಟ್ಟಲೆ ಯೋಚಿಸಿದರು. ಹಿಂದಿನವರ ಬಿಗಿತ ಎಲ್ಲಿ ಹೋಯಿತು ಎಂಬುದಕ್ಕೂ ಉತ್ತರ ಅಲ್ಲೇ ಇತ್ತು.

ಗುಣಿಸಲು ಸುಲಭವಾಗಲಿ ಎಂದು 30 ಮೀಟರಿನ ತೊಲೆ ತೆಗೆದುಕೊಳ್ಳೋಣ. ಒಳಗೆ ಹಳೆಯ ಕಾಲದ ಸಾದಾ ಕಬ್ಬಿಣದ ಸರಳು ಹಾಕಿ, ಅದು ಸುರಕ್ಷಿತವಾಗಿ ತಾಳುವಷ್ಟು ಎಳೆದರೆ ಸುಮಾರು 2 ಸೆಂಟಿಮೀಟರ್ ಹಿಗ್ಗುತ್ತದೆ. ಆ ಹಿಗ್ಗೇ ನಮ್ಮ ಠೇವಣಿ. ಹಿಗ್ಗಿದ ಸರಳು ಕುಗ್ಗಲು ತವಕಿಸುವುದರಿಂದಲೇ ಕಾಂಕ್ರೀಟಿನ ಮೇಲೆ ಒತ್ತಡ ಬೀಳುವುದು. ಆದರೆ ಕೆಲವು ವರ್ಷಗಳಲ್ಲಿ ಆ ಕಾಂಕ್ರೀಟು ತಾನೇ ಒಣಗಿ, ಒತ್ತಡಕ್ಕೆ ಮಣಿದು, ಹೆಚ್ಚುಕಡಿಮೆ ಅಷ್ಟೇ 2 ಸೆಂಟಿಮೀಟರ್ ಕುಗ್ಗುತ್ತದೆ. ಸರಳು ಸಡಿಲವಾಯಿತು. ಠೇವಣಿ ಎರಡು, ಕಡಿತ ಎರಡು, ಖಾತೆಯಲ್ಲಿ ಸೊನ್ನೆ!

ಫ್ರೆಸಿನೆ ಕಂಡುಕೊಂಡ ದಾರಿ ಇದು. ಕಡಿತವನ್ನು ಪೂರ್ತಿ ತಪ್ಪಿಸಲು ಸಾಧ್ಯವಿಲ್ಲ, ಆದ್ದರಿಂದ ಠೇವಣಿಯನ್ನೇ ದೊಡ್ಡದು ಮಾಡಬೇಕು. ಅತಿ ಬಲಿಷ್ಠ ಉಕ್ಕಿನ ತಂತಿ ಬೇಕು, ಕಡಿಮೆ ಕುಗ್ಗುವ ಉತ್ತಮ ಕಾಂಕ್ರೀಟು ಬೇಕು. ಇಂದು ಬಳಸುವ ಉಕ್ಕಿನ ಹುರಿಯನ್ನು 30 ಮೀಟರಿಗೆ ಎಳೆದರೆ ಸುಮಾರು 20 ಸೆಂಟಿಮೀಟರ್ ಹಿಗ್ಗುತ್ತದೆ, ಹೆಚ್ಚುಕಡಿಮೆ ಒಂದು ಗೇಣು. ಕಾಂಕ್ರೀಟಿನ ಕುಗ್ಗುವಿಕೆ, ಹುರಿಯ ಉಜ್ಜಾಟ, ಉಕ್ಕಿನ ಆಯಾಸ ಎಲ್ಲ ಕಳೆದರೂ ಐದರಲ್ಲಿ ನಾಲ್ಕು ಪಾಲಿನಷ್ಟು ಉಳಿದುಕೊಳ್ಳುತ್ತದೆ. ಸಂಬಳದ ಚೀಟಿ ನೋಡಿ ಬದುಕಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಗೆ ಬರುವುದೆಷ್ಟು ಎಂದು ನೋಡಿಯೇ ಸಂಸಾರ ನಡೆಸಬೇಕು.

1928ರ ಅಕ್ಟೋಬರಿನಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಫ್ರೆಸಿನೆಯವರಿಗೆ 49 ವರ್ಷ. ಒಳ್ಳೆಯ ಕೆಲಸ ಬಿಟ್ಟು, ಕೂಡಿಟ್ಟ ಹಣವನ್ನೆಲ್ಲ ಹಾಕಿ ಕಾಂಕ್ರೀಟಿನ ಕಂಬಗಳ ಕಾರ್ಖಾನೆ ತೆರೆದರು. ಆಗಲೇ ಜಗತ್ತಿಗೆ ಆರ್ಥಿಕ ಕುಸಿತ ಬಡಿಯಿತು. ಕಂಬ ಕೊಳ್ಳುವವರಿಲ್ಲದೆ ಕಾರ್ಖಾನೆ ಸೋತಿತು. ಅವರ ವಿದ್ಯೆಗೆ ಬೆಲೆ ಬಂದದ್ದು 1934ರಲ್ಲಿ. ಲೆ ಹಾವ್ರ್ ಬಂದರಿನಲ್ಲಿ ಹಡಗು ಪ್ರಯಾಣಿಕರ ಹೊಸ ನಿಲ್ದಾಣ ನೆಲದೊಳಕ್ಕೆ ಕುಸಿಯುತ್ತಿತ್ತು. ಬಿಗಿದ ಕಾಂಕ್ರೀಟಿನಿಂದ ಅಡಿಪಾಯವನ್ನು ಗಟ್ಟಿಗೊಳಿಸಿ ಫ್ರೆಸಿನೆ ಅದನ್ನು ನಿಲ್ಲಿಸಿದರು.

ಯುದ್ಧ ಮುಗಿದಾಗ ಫ್ರಾನ್ಸಿನಲ್ಲಿ ಸೇತುವೆಗಳೂ ಮುರಿದಿದ್ದವು, ಉಕ್ಕಿಗೂ ಬರ. ಕಡಿಮೆ ಉಕ್ಕಿನಲ್ಲಿ ಉದ್ದನೆಯ ಸೇತುವೆ ಕಟ್ಟುವ ಈ ವಿದ್ಯೆ ಆಗ ಕೈಹಿಡಿಯಿತು. ಮಾರ್ನ್ ನದಿಗೆ ಲುಜಾನ್ಸಿ ಎಂಬಲ್ಲಿ 1946ರಲ್ಲಿ ಮುಗಿದ ಸೇತುವೆ 55 ಮೀಟರ್ ಅಗಲವನ್ನು ಒಂದೇ ನೆಗೆತಕ್ಕೆ ದಾಟುತ್ತದೆ, ಮಧ್ಯದಲ್ಲಿ ಅದರ ದಪ್ಪ ಒಂದೂಕಾಲು ಮೀಟರಿನ ಆಸುಪಾಸು ಅಷ್ಟೇ. ಮೊದಲೇ ಎರಕ ಹೊಯ್ದ ತುಂಡುಗಳನ್ನು ಪೋಣಿಸಿ ಬಿಗಿದು ಮಾಡಿದ್ದದು, ನಿಮ್ಮ ಎಂಟು ಪುಸ್ತಕಗಳ ಹಾಗೆ.

ಹುರಿ ಎಳೆಯುವ ಬಗೆ

ಬಿಗಿಯುವುದರಲ್ಲಿ ಎರಡು ದಾರಿಗಳಿವೆ. ಮೊದಲು ತಂತಿ ಎಳೆದು ಹಿಡಿದು ಅದರ ಸುತ್ತ ಕಾಂಕ್ರೀಟು ಹೊಯ್ದು, ಗಟ್ಟಿಯಾದ ಮೇಲೆ ತಂತಿಯನ್ನು ಬಿಡುವುದು ಒಂದು. ರೈಲು ಹಳಿಗಳ ಕೆಳಗಿನ ಕಾಂಕ್ರೀಟ್ ಸ್ಲೀಪರ್‌ಗಳು ತಯಾರಾಗುವುದು ಹೀಗೆ. ಮೊದಲು ಕಾಂಕ್ರೀಟು ಹೊಯ್ದು, ಗಟ್ಟಿಯಾದ ಮೇಲೆ ಒಳಗೆ ಹುರಿ ತೂರಿಸಿ ಎಳೆಯುವುದು ಇನ್ನೊಂದು. ಇದಕ್ಕೆ ಪೋಸ್ಟ್ ಟೆನ್ಷನಿಂಗ್ ಎನ್ನುತ್ತಾರೆ. ದೊಡ್ಡ ಸೇತುವೆಗಳಿಗೆ ಹೆಚ್ಚಾಗಿ ಇದೇ.

ಹುರಿ ಅಂದರೆ ಏಳು ಉಕ್ಕಿನ ತಂತಿಗಳು. ನಡುವೆ ಒಂದು, ಅದರ ಸುತ್ತ ಆರು ಹೊಸೆದುಕೊಂಡಿರುತ್ತವೆ. ಸಾಮಾನ್ಯವಾಗಿ ಬಳಸುವ ಒಂದು ಹುರಿಯ ದಪ್ಪ 15.2 ಮಿಲಿಮೀಟರ್, ನಿಮ್ಮ ಹೆಬ್ಬೆರಳಿನಷ್ಟು. ಅಷ್ಟರದ್ದು ಸುಮಾರು 26 ಟನ್ ಭಾರ ತೂಗಿದರೆ ಮಾತ್ರ ಹರಿದೀತು. ಎಳೆಯುವಾಗ ಅದರ ಮುಕ್ಕಾಲು ಪಾಲಿನಷ್ಟು ಎಳೆಯುತ್ತಾರೆ. ಇಂಥ ಹತ್ತಾರು ಹುರಿಗಳು ಒಂದು ಕೊಳವೆಯೊಳಗೆ ಹೋಗುತ್ತವೆ.

ಕಾಂಕ್ರೀಟು ಹೊಯ್ಯುವ ಮೊದಲೇ ಆ ಕೊಳವೆಯನ್ನು ಅಚ್ಚಿನೊಳಗೆ ಕಟ್ಟಿಡುತ್ತಾರೆ, ಅದೂ ನೇರವಾಗಿ ಅಲ್ಲ. ಬಾಗಿಲಿಗೆ ಕಟ್ಟಿದ ಮಾವಿನ ತೋರಣದ ಹಾಗೆ ತುದಿಗಳಲ್ಲಿ ಮೇಲೆ, ನಡುವಿನಲ್ಲಿ ಕೆಳಗೆ ಜೋತಿರುತ್ತದೆ. ಬಟ್ಟೆ ಒಣಹಾಕುವ ಹಗ್ಗ ಜೋತಾಗ ತುದಿ ಹಿಡಿದು ಎಳೆದರೆ ಏನಾಗುತ್ತದೆ? ನೆಟ್ಟಗಾಗಲು ಹೋಗಿ ಬಟ್ಟೆಗಳನ್ನೆಲ್ಲ ಮೇಲಕ್ಕೆ ಎತ್ತುತ್ತದೆ. ಇಲ್ಲೂ ಹಾಗೆಯೇ. ಹುರಿ ತೊಲೆಯನ್ನು ಎರಡು ಕಡೆಯಿಂದ ಒತ್ತುವುದಲ್ಲದೆ ಒಳಗಿನಿಂದ ಮೇಲಕ್ಕೂ ನೂಕುತ್ತದೆ. ಪುಸ್ತಕಗಳನ್ನು ನಡುವಿಗಿಂತ ಕೆಳಗೆ ಒತ್ತಿದ್ದು ನೆನಪಿದೆಯಲ್ಲ?

ತುದಿಯಲ್ಲಿ ತೂತುಗಳಿರುವ ಉಕ್ಕಿನ ಬಿಲ್ಲೆ ಇರುತ್ತದೆ. ಪ್ರತಿ ತೂತೂ ಬುಗುರಿಯ ಹಾಗೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಹುರಿ ಅದರ ಮೂಲಕ ಹೊರಬರುತ್ತದೆ, ಸುತ್ತ ಹಲ್ಲುಗಳಿರುವ ಪುಟ್ಟ ಬೆಣೆಗಳು. ಜಾಕ್ ಹುರಿಯನ್ನು ಕಚ್ಚಿ ಎಳೆಯುತ್ತದೆ. ಸಾಕಷ್ಟು ಎಳೆದ ಮೇಲೆ ಬಿಡುತ್ತದೆ. ಹುರಿ ಸರ್ರನೆ ಒಳಕ್ಕೆ ಓಡಲು ನೋಡುತ್ತದೆ, ಓಡುವಾಗ ಬೆಣೆಯನ್ನೂ ಕಿರಿದಾದ ಕಡೆಗೆ ಎಳೆದುಕೊಳ್ಳುತ್ತದೆ. ಎಷ್ಟು ಎಳೆಯುತ್ತದೋ ಬೆಣೆ ಅಷ್ಟೇ ಗಟ್ಟಿಯಾಗಿ ಕಚ್ಚುತ್ತದೆ. ತಪ್ಪಿಸಿಕೊಳ್ಳುವ ಪ್ರಯತ್ನವೇ ಅದನ್ನು ಕಟ್ಟಿಹಾಕುತ್ತದೆ! ಹುರಿ ಎಳೆಯುವಾಗ ಜಾಕ್‌ನ ಹಿಂದೆ ಯಾರೂ ನಿಲ್ಲುವಂತಿಲ್ಲ. ಏನಾದರೂ ಕೈಕೊಟ್ಟರೆ ಅಷ್ಟೂ ಬಲ ಆ ದಿಕ್ಕಿಗೇ ಚಿಮ್ಮುತ್ತದೆ.

ಬೆಂಗಳೂರಿನ ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ಮೊದಲು ಓಡಿತು. ಆ ಕೆಲಸ ನಡೆಯುವಾಗ ರಸ್ತೆಯಲ್ಲಿ ನಿಂತು ನೋಡಿದವರಿಗೆ ಗೊತ್ತು. ಬೇರೆ ಕಡೆ ಎರಕ ಹೊಯ್ದ ಪೊಳ್ಳು ಕಾಂಕ್ರೀಟ್ ತುಂಡುಗಳು ದೊಡ್ಡ ಲಾರಿಗಳಲ್ಲಿ ಬರುತ್ತಿದ್ದವು. ಎರಡು ಕಂಬಗಳ ಮೇಲೆ ಕುಳಿತ ಉಕ್ಕಿನ ದೈತ್ಯ ಯಂತ್ರ ಒಂದೊಂದನ್ನೇ ಎತ್ತಿ ಸಾಲಾಗಿ ತೂಗುಹಾಕುತ್ತಿತ್ತು. ಅಂಚಿಗೆ ಎಪಾಕ್ಸಿ ಅಂಟು ಬಳಿದು, ಹುರಿ ತೂರಿಸಿ, ಜಾಕ್ ಹಾಕಿ ಎಳೆದರೆ ಸುಮಾರು 30 ಮೀಟರಿನ ಒಂದು ಅಂಕಣ ತಯಾರು. ಯಂತ್ರ ಹಿಡಿತ ಬಿಟ್ಟು ಮುಂದಿನ ಕಂಬಕ್ಕೆ ಸರಿಯುತ್ತಿತ್ತು. ತುಂಡುಗಳು ಅಲ್ಲೇ ನಿಲ್ಲುತ್ತಿದ್ದವು.

ಎರಡು ಕಡೆ ಬರೆಯುವ ಲೆಕ್ಕ

ನನಗೆ ಬಹಳ ಇಷ್ಟವಾದ ಭಾಗ ಈಗ ಬಂತು. ಬ್ಯಾಂಕಿನಲ್ಲಿ ಯಾವ ವ್ಯವಹಾರವೂ ಒಂದೇ ಕಡೆ ಬರೆದರೆ ಮುಗಿಯುವುದಿಲ್ಲ. ಖರ್ಚಿನ ಕಡೆ ಒಂದು, ಜಮೆಯ ಕಡೆ ಒಂದು. ಸಂಜೆ ಎರಡೂ ಕೂಡಿದಾಗ ತಾಳೆಯಾಗಬೇಕು, ಇಲ್ಲದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಹುರಿ ಎಳೆಯುವವರದ್ದೂ ಇದೇ ಪದ್ಧತಿ. ಜಾಕ್‌ನ ಮೇಲಿನ ಮೀಟರು ಎಷ್ಟು ಬಲ ಹಾಕಿದ್ದೇವೆ ಎಂದು ಹೇಳುತ್ತದೆ. ಅದನ್ನೊಂದನ್ನೇ ನಂಬುವುದಿಲ್ಲ. ಹುರಿ ಎಷ್ಟು ಹಿಗ್ಗಿತು ಎಂದು ಅಳತೆಪಟ್ಟಿ ಹಿಡಿದು ಬೇರೆಯಾಗಿ ಅಳೆಯುತ್ತಾರೆ. ಇಷ್ಟು ಬಲಕ್ಕೆ ಇಷ್ಟು ಹಿಗ್ಗಬೇಕು ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ. ಸಾಮಾನ್ಯವಾಗಿ ನೂರಕ್ಕೆ ಐದರಷ್ಟು ಮಾತ್ರ ಹೆಚ್ಚುಕಡಿಮೆಗೆ ರಿಯಾಯಿತಿ.

ಮೀಟರಿನಲ್ಲಿ ಬಲ ಸರಿಯಿದೆ, ಹಿಗ್ಗು ಮಾತ್ರ ಕಡಿಮೆ ಅಂದರೆ ಹುರಿ ಕೊಳವೆಯಲ್ಲಿ ಎಲ್ಲೋ ಸಿಕ್ಕಿಕೊಂಡಿರಬಹುದು. ಈ ತುದಿಯ ಬಲ ಆ ತುದಿ ಮುಟ್ಟಿಲ್ಲ. ಹಿಗ್ಗು ಹೆಚ್ಚು ಅಂದರೆ ಬೆಣೆ ಜಾರಿರಬಹುದು, ತಂತಿ ಹರಿದಿರಬಹುದು. ಎರಡು ಅಂಕಿ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಒಂದೊಂದು ಹುರಿಗೂ ರಿಜಿಸ್ಟರಿನಲ್ಲಿ ಬರಹ, ಕೆಳಗೆ ಸಹಿ. ಗೆಳೆಯರು ಹೇಳಿದರು: “ಕಾಂಕ್ರೀಟು ಮುಚ್ಚಿದ ಮೇಲೆ ಒಳಗೆ ಇಣುಕಿ ನೋಡೋಕಾಗಲ್ಲ ಸ್ವಾಮಿ. ಆ ರಿಜಿಸ್ಟರೇ ನಮ್ಮ ಕಣ್ಣು.”

ಇದನ್ನೆಲ್ಲ ನಾನು ಏಳನೆಯ ತರಗತಿಯ ಮೊಮ್ಮಗಳಿಗೆ ಹೇಳುವಾಗ ಅವಳು ಮಧ್ಯೆ ಬಾಯಿ ಹಾಕಿದಳು.

“ತಾತ, ಹುರಿ ಎಳೆದಾಯ್ತು, ಬೆಣೆ ಕಚ್ಚಿತು. ಆಮೇಲೆ ಮಳೆ ನೀರು ಒಳಗೆ ಹೋಗಿ ಹುರಿ ತುಕ್ಕು ಹಿಡಿದ್ರೆ?”

“ಅದಕ್ಕೇ ಕಣೇ, ಕೊಳವೆಯೊಳಗೆ ಸಿಮೆಂಟಿನ ಹಿಟ್ಟು ತುಂಬ್ತಾರೆ.”

“ತುಂಬಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ?”

ಮಕ್ಕಳ ಪ್ರಶ್ನೆ ಹೀಗೇ ನೋಡಿ, ನೇರವಾಗಿ ಗಂಟಿಗೇ ಕೈ ಹಾಕುತ್ತದೆ. ಸಿಮೆಂಟು ನೀರು ಕಲಸಿದ ತೆಳು ದೋಸೆ ಹಿಟ್ಟಿನ ಹದದ ದ್ರವಕ್ಕೆ ಗ್ರೌಟ್ ಎನ್ನುತ್ತಾರೆ. ಅದನ್ನು ಕೊಳವೆಯ ಒಂದು ತುದಿಯಿಂದ ಪಂಪಿನಲ್ಲಿ ನೂಕುತ್ತಾರೆ. ಆ ತುದಿಯಲ್ಲಿ ಮೊದಲು ಗಾಳಿ ಬರುತ್ತದೆ, ಆಮೇಲೆ ನೀರುನೀರಾದದ್ದು ಬರುತ್ತದೆ. ಒಳಗೆ ಹಾಕಿದಷ್ಟೇ ಮಂದವಾದದ್ದು ಹೊರಬರುವವರೆಗೂ ನಿಲ್ಲಿಸಬಾರದು. ಒಳಗೆ ಗಾಳಿ ಉಳಿದರೆ, ನೀರು ನಿಂತರೆ, ಅಲ್ಲಿ ತುಕ್ಕು ಮೊಟ್ಟೆ ಇಡುತ್ತದೆ. ಅಷ್ಟು ಬಿಗಿಯಾಗಿ ಎಳೆದ ತಂತಿಗೆ ಸ್ವಲ್ಪ ತುಕ್ಕೂ ಸ್ವಲ್ಪವಲ್ಲ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಪೋರ್ಟ್ ಟಾಲ್ಬಟ್ ಹತ್ತಿರ ಇನಿಸ್‌ಅಗ್ವಾಸ್ ಎಂಬ ಪುಟ್ಟ ಸೇತುವೆ ಇತ್ತು. 1953ರಲ್ಲಿ ಕಾಂಕ್ರೀಟಿನ ತುಂಡುಗಳನ್ನು ಪೋಣಿಸಿ ಬಿಗಿದು ಕಟ್ಟಿದ್ದು, 18 ಮೀಟರ್ ಉದ್ದದ್ದು. 1985ರ ಡಿಸೆಂಬರ್ 4ರಂದು ಅದು ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದುಹೋಯಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ತುಂಡು ತುಂಡಿನ ಸಂದಿಯಲ್ಲಿ ಹುರಿಗೆ ಸರಿಯಾದ ರಕ್ಷಣೆ ಇರಲಿಲ್ಲ. ಅಲ್ಲಿಂದ ನೀರು ಉಪ್ಪು ಸೇರಿ, 32 ವರ್ಷ ಸದ್ದಿಲ್ಲದೆ ಉಕ್ಕನ್ನು ತಿಂದಿದ್ದವು. ಹೊರಗೆ ನೋಡಿದವರಿಗೆ ಸೇತುವೆ ಸರಿಯಾಗಿಯೇ ಕಾಣುತ್ತಿತ್ತು. ಇಂಥ ಅನುಭವಗಳಿಂದಾಗಿ 1992ರಿಂದ 1996ರವರೆಗೆ ಬ್ರಿಟನ್ನಿನಲ್ಲಿ ಗ್ರೌಟ್ ತುಂಬುವ ಬಗೆಯ ಹೊಸ ಸೇತುವೆಗಳಿಗೆ ತಡೆ ಹಾಕಿ, ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಮತ್ತೆ ಬಿಟ್ಟರು. ನಮ್ಮ ನೆರೆಯ ಗೋವಾದಲ್ಲಿ ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈನಲ್ಲಿ ಕುಸಿದ ಸುದ್ದಿ ಹಿರಿಯರಿಗೆ ನೆನಪಿರಬಹುದು. ಅಲ್ಲೂ ಒಳಗಿನ ಹುರಿಗಳನ್ನು ತುಕ್ಕು ತಿಂದಿತ್ತು.

ನಾನು ಮೊಮ್ಮಗಳಿಗೆ ಹೇಳಿದ್ದು ಇಷ್ಟೇ. ತುಂಬಿದೆಯೋ ಇಲ್ಲವೋ ಎಂದು ಆಮೇಲೆ ನೋಡಲು ಉಪಕರಣಗಳಿವೆ, ಆದರೆ ಕೊಳವೆಯ ಆ ತುದಿಯಲ್ಲಿ ಅಂದು ನಿಂತಿದ್ದವನಿಗಿಂತ ಚೆನ್ನಾಗಿ ಯಾರಿಗೂ ಕಾಣುವುದಿಲ್ಲ. ಅವನು ತೆಳ್ಳಗಿನದು ಬಂದ ಕೂಡಲೇ ‘ಸಾಕು, ಮುಚ್ಚಿ’ ಅಂದನೋ, ‘ಇನ್ನೂ ಬರಲಿ’ ಅಂದನೋ? ಅವನ ಹೆಸರು ಉದ್ಘಾಟನೆಯ ಕಲ್ಲಿನ ಮೇಲೆ ಇರುವುದಿಲ್ಲ. ರೈಲಿನಲ್ಲಿ ಕೂತ ನೂರಾರು ಜನರ ಜೀವ ಮಾತ್ರ ಅವನ ಆ ಒಂದು ಮಾತಿನ ಮೇಲಿರುತ್ತದೆ.

ಉಯ್ಯಾಲೆ ಹಾಕುವ ಮೊದಲು

ಅಜ್ಜ ಅಜ್ಜಿಯರಿಗೆ ಒಂದು ಕಿವಿಮಾತು. ಈಗ ಕೆಲವು ದೊಡ್ಡ ಕಟ್ಟಡಗಳ ಸ್ಲ್ಯಾಬುಗಳನ್ನೂ ಹೀಗೆ ಹುರಿ ಎಳೆದು ಕಟ್ಟುತ್ತಾರೆ. ನಡುವೆ ಕಂಬ ಕಡಿಮೆ, ಸ್ಲ್ಯಾಬೂ ತೆಳು. ಮಗನ ಹೊಸ ಫ್ಲ್ಯಾಟಿನಲ್ಲಿ ಮೊಮ್ಮಗುವಿಗೆ ತೊಟ್ಟಿಲು ತೂಗಲೋ ಹಾಲಿನಲ್ಲಿ ಉಯ್ಯಾಲೆ ಹಾಕಲೋ ಸೂರಿಗೆ ಕೊಂಡಿ ಹೊಡೆಸುವ ಆಸೆ ನಮ್ಮೆಲ್ಲರಿಗೂ ಇರುತ್ತದೆ. ಡ್ರಿಲ್ಲಿಂಗ್ ಮಷೀನು ಹಿಡಿದವನನ್ನು ಕರೆಯುವ ಮೊದಲು ಕಟ್ಟಡದ ಕಚೇರಿಯಲ್ಲಿ ಕೇಳಿ: “ಇದು ಹುರಿ ಎಳೆದ ಸ್ಲ್ಯಾಬೇ? ಹುರಿ ಎಲ್ಲೆಲ್ಲಿ ಹೋಗಿದೆ?” ಹೌದು ಎಂದರೆ, ನಕ್ಷೆ ನೋಡಿ ಎಂಜಿನಿಯರ್ ಜಾಗ ತೋರಿಸುವವರೆಗೂ ತೂತು ಬೇಡ. ಎಳೆದಿಟ್ಟ ಹುರಿಗೆ ಡ್ರಿಲ್ ತಗುಲಿದರೆ ಕೊರೆಯುವವನಿಗೂ ಅಪಾಯ, ಸ್ಲ್ಯಾಬಿನ ಬಲಕ್ಕೂ ಕುಂದು.

ಮಕ್ಕಳಿಗೆ ಈ ಭಾನುವಾರದ ಕೆಲಸ. ದಪ್ಪ ಕ್ಯಾರೆಟ್ ಒಂದನ್ನು ಅಮ್ಮನಿಂದ ಒಂದೇ ಅಳತೆಯ ಎಂಟು ತುಂಡು ಮಾಡಿಸಿ. ಬದಿಗಳು ಚಪ್ಪಟೆಯಾಗಿದ್ದು ಒಂದಕ್ಕೊಂದು ಕೂರುವಂತಿರಲಿ. ಅಜ್ಜಿಗೆ ಹೇಳಿ ದಬ್ಬಣದಲ್ಲಿ ಪ್ರತಿ ತುಂಡಿಗೂ ನಡುವಿಗಿಂತ ತುಸು ಕೆಳಗೆ, ಒಂದೇ ಎತ್ತರದಲ್ಲಿ ತೂತು ಮಾಡಿಸಿ. ಗಟ್ಟಿ ದಾರ ಪೋಣಿಸಿ, ಒಂದು ತುದಿಗೆ ಅರ್ಧ ಬೆಂಕಿಕಡ್ಡಿ ಅಡ್ಡ ಕಟ್ಟಿ. ಇನ್ನೊಂದು ತುದಿಯಲ್ಲಿ ದಾರವನ್ನು ಚೆನ್ನಾಗಿ ಎಳೆದು ಇನ್ನರ್ಧ ಕಡ್ಡಿಗೆ ಸುತ್ತಿ ಬಿಗಿಯಿರಿ. ಈಗ ಅದನ್ನು ಎರಡು ಲೋಟಗಳ ಮೇಲೆ ಸೇತುವೆಯಂತೆ ಇಡಿ, ದಾರ ಕೆಳಗಡೆ ಇರಲಿ. ಮೇಲೆ ಒಂದೊಂದೇ ನಾಣ್ಯ ಇಡುತ್ತಾ ಹೋಗಿ. ಎಷ್ಟು ನಾಣ್ಯ ಹೊತ್ತಿತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ದಾರವನ್ನು ತುಸು ಸಡಿಲಿಸಿ ಮತ್ತೆ ಎಣಿಸಿ. ಕೊನೆಗೆ ದಾರವನ್ನು ಮೇಲ್ಗಡೆ ಮಾಡಿ ಇಟ್ಟು ಇನ್ನೊಮ್ಮೆ ಎಣಿಸಿ. ಮೂರು ಅಂಕಿಗಳನ್ನೂ ಅಜ್ಜನಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ದಾರ ಕಿತ್ತು, ಸೇತುವೆಯನ್ನು ಚೆನ್ನಾಗಿ ತೊಳೆದು, ಉಪ್ಪು ನಿಂಬೆರಸ ಹಾಕಿಕೊಂಡು ತಿಂದುಬಿಡಿ. ಎಂಜಿನಿಯರುಗಳಿಗೆ ಆ ಭಾಗ್ಯ ಇಲ್ಲ.